ಕ್ಯಾಲಿಫೋರ್ನಿಯಾದ ಸ್ಪ್ಯಾನಿಷ್ ಮಿಷನ್‌ಗಳು: ಹೋಗುವ ಮೊದಲು, ಹೋಗಿ ಬಂದ ಮೇಲೆ ಪದೇ ಪದೇ ಕೇಳುವ ಪ್ರಶ್ನೆಗಳು

ಫ್ರೀಮಾಂಟಿನಲ್ಲಿ ಸಂಸಾರ ಹೂಡಿ ಬಹಳ ವರ್ಷಗಳಾದವು. ಊರಿನಿಂದ ಬರುವ ನೆಂಟರು, ಹೊಸದಾಗಿ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾಗೆ ಬಂದ ಕನ್ನಡದ ಗೆಳೆಯರು, ನಾಲ್ಕನೇ ಕ್ಲಾಸಿನ ಮಕ್ಕಳಿರುವ ಅಪ್ಪ ಅಮ್ಮಂದಿರು ಮಿಷನ್‌ಗಳ ಬಗ್ಗೆ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಬಗೆಯವು. ಪ್ರತಿ ಸಲ ಫೋನಿನಲ್ಲಿ ಅರ್ಧ ಉತ್ತರ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ.

ಮಿಷನ್ ಅಂದರೆ ನಮ್ಮ ಮಂಗಳೂರಿನ ಬಾಸೆಲ್ ಮಿಷನ್ ಥರದ್ದೇ?

ಹೆಸರು ಒಂದೇ, ಸ್ವರೂಪ ಬೇರೆ. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದ ಪ್ರಾಟೆಸ್ಟೆಂಟ್ ಸಂಸ್ಥೆ. ಶಾಲೆ, ಮುದ್ರಣಾಲಯ, ಹೆಂಚಿನ ಕಾರ್ಖಾನೆ ನಡೆಸಿತು. ಅಲ್ಲಿಗೆ ಹೋದವರು ಸಂಜೆ ತಮ್ಮ ಮನೆಗೆ ಮರಳಬಹುದಿತ್ತು. ಕ್ಯಾಲಿಫೋರ್ನಿಯಾದ ಮಿಷನ್ ಸ್ಪೇನಿನ ರಾಜ್ಯವಿಸ್ತಾರದ ಅಂಗ. ಕ್ಯಾಥೊಲಿಕರ ಫ್ರಾನ್ಸಿಸ್ಕನ್ ಪಂಗಡದ ಪಾದ್ರಿಗಳು ಮುಂದೆ, ಬಂದೂಕು ಹಿಡಿದ ಸೈನಿಕರು ಪಕ್ಕದಲ್ಲಿ. ಸುತ್ತಲಿನ ಹಳ್ಳಿಗಳ ಜನರನ್ನು ಒಂದೆಡೆ ತಂದು, ದೀಕ್ಷಾಸ್ನಾನ ಮಾಡಿಸಿ, ಅಲ್ಲೇ ಇರಿಸಿಕೊಂಡು, ಅವರಿಂದ ಬೇಸಾಯ, ದನ ಸಾಕಣೆ, ನೇಯ್ಗೆ, ಕಟ್ಟಡದ ಕೆಲಸ ಎಲ್ಲವನ್ನೂ ಮಾಡಿಸುವ ಏರ್ಪಾಟು ಅದು. ಚರ್ಚು ಅದರ ಒಂದು ಭಾಗ ಮಾತ್ರ. ಹೊಲ, ಕಣಜ, ತೊಗಲು ಹದ ಮಾಡುವ ತೊಟ್ಟಿ, ಮಗ್ಗ, ಜನರ ವಸತಿ, ಸ್ಮಶಾನ ಎಲ್ಲ ಸೇರಿದರೆ ಮಿಷನ್. ಇವತ್ತು ಉಳಿದಿರುವುದು ಹೆಚ್ಚಾಗಿ ಚರ್ಚು. ಬಂದವರು ಅದನ್ನಷ್ಟೇ ನೋಡಿ "ಹಳೇ ಚರ್ಚು" ಎಂದುಕೊಂಡು ಹೊರಡುವುದು ಇದರಿಂದಲೇ.

ಒಟ್ಟು ಎಷ್ಟಿವೆ? ಎಲ್ಲಿಂದ ಎಲ್ಲಿಗೆ?

ಇಪ್ಪತ್ತೊಂದು. 1769ರಲ್ಲಿ ದಕ್ಷಿಣದ ಸ್ಯಾನ್ ಡಿಯೇಗೊದಲ್ಲಿ ಮೊದಲನೆಯದು, 1823ರಲ್ಲಿ ಉತ್ತರದ ಸೊನೋಮಾದಲ್ಲಿ ಕೊನೆಯದು. ಮೊದಲ ಒಂಬತ್ತು ಹುನಿಪೆರೊ ಸೆರ್ರಾ ಎಂಬ ಪಾದ್ರಿಯ ಕಾಲದವು, ಮುಂದಿನ ಒಂಬತ್ತು ಫೆರ್ಮಿನ್ ಲಾಸುಯೆನ್ ಕಾಲದವು. ಈಗಿನ 101 ಹೆದ್ದಾರಿ ಬಹುಪಾಲು ಇದೇ ಸಾಲಿನ ಗುಂಟ ಹೋಗುತ್ತದೆ.

ಸ್ಪೇನಿನವರಿಗೆ ಇಷ್ಟು ದೂರ ಬರುವ ಅವಸರ ಏನಿತ್ತು?

ಈ ಕರಾವಳಿ ತಮ್ಮದೆಂದು ಅವರು ನಕ್ಷೆಯಲ್ಲಿ ಬರೆದುಕೊಂಡು ಎರಡು ಶತಮಾನವೇ ಕಳೆದಿತ್ತು, ಆದರೆ ಬಂದು ನೆಲೆಸಿದವರಿರಲಿಲ್ಲ. ಅಲಾಸ್ಕಾ ಕಡೆಯಿಂದ ರಷ್ಯನ್ನರು ತುಪ್ಪಳದ ವ್ಯಾಪಾರಕ್ಕೆ ಕೆಳಗೆ ಇಳಿಯುತ್ತಿದ್ದಾರೆಂಬ ಸುದ್ದಿ ಬಂದಾಗ ಗಾಬರಿಯಾಯಿತು. ಸ್ಪೇನಿನಿಂದ ಸಾವಿರಾರು ಒಕ್ಕಲುಗಳನ್ನು ತಂದು ಕೂರಿಸುವ ಶಕ್ತಿ ಅವರಿಗಿರಲಿಲ್ಲ. ಇಲ್ಲಿನ ಜನರನ್ನೇ ಸ್ಪೇನಿನ ಪ್ರಜೆಗಳಾಗಿ ಮಾರ್ಪಡಿಸುವುದು ಅಗ್ಗದ ದಾರಿಯಾಗಿ ಕಂಡಿತು.

ಮೊದಲ ಸಲ ಹೋಗುವವರು ಯಾವುದನ್ನು ನೋಡಬೇಕು?

ಇಪ್ಪತ್ತೊಂದನ್ನೂ ಮುಟ್ಟಿ ಬರುವ ಹಟ ಬೇಡ. ಮೂರನ್ನು ನಿಧಾನವಾಗಿ ನೋಡಿದರೆ ಸಾಕು.

ಬೇ ಏರಿಯಾದವರು ಸ್ಯಾನ್ ಹ್ವಾನ್ ಬೌತಿಸ್ತಾಗೆ ಹೋಗಿ. 1797ರದ್ದು, ಫ್ರೀಮಾಂಟಿನಿಂದ ಟ್ರಾಫಿಕ್ ಇಲ್ಲದಿದ್ದರೆ ಒಂದು ಗಂಟೆ ಚಿಲ್ಲರೆ. ಚರ್ಚಿನ ನೆಲದ ಹೆಂಚುಬಿಲ್ಲೆಗಳ ಮೇಲೆ ಪ್ರಾಣಿಗಳ ಹೆಜ್ಜೆಗಳಿವೆ. ಹಸಿ ಬಿಲ್ಲೆಗಳನ್ನು ಬಿಸಿಲಿಗೆ ಹರವಿದ್ದಾಗ ರಾತ್ರಿ ಓಡಾಡಿದ ಪ್ರಾಣಿಗಳು ಬಿಟ್ಟುಹೋದ ಗುರುತು. ನನ್ನ ತಾಯಿ ಮಲೆನಾಡಿನವರು. ನಾಡಹೆಂಚು ಒಣಗಿಸುವುದನ್ನು ಚಿಕ್ಕಂದಿನಲ್ಲಿ ನೋಡಿದ್ದವರು. ಅಲ್ಲಿ ಬಗ್ಗಿ ಒಂದು ಹೆಜ್ಜೆಯ ಮೇಲೆ ಬೆರಳಿಟ್ಟು, "ಇದನ್ನ ತುಳಿದವರು ಯಾರೋ ಅವರ ಕೈಯೂ ಇದರ ಮೇಲೆ ಬಿದ್ದಿರುತ್ತೆ ಅಲ್ವಾ" ಅಂದರು. ಕೆಸರು ತುಳಿದು ಹದ ಮಾಡಿದವರ ಬಗ್ಗೆ ಅವರು ಹೇಳಿದ್ದು. ಅಂದಿನಿಂದ ಯಾವ ಮಿಷನ್‌ಗೆ ಹೋದರೂ ನಾನು ಮೊದಲು ನೆಲ ನೋಡುತ್ತೇನೆ. ಚರ್ಚಿನ ಪಕ್ಕದ ಸ್ಮಶಾನದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಮೂಲನಿವಾಸಿಗಳನ್ನು ಹೂಳಿದ್ದಾರೆ. ಅದರ ಅಂಚಿಗೇ ಸ್ಯಾನ್ ಆಂಡ್ರಿಯಾಸ್ ಭೂಬಿರುಕು ಹಾದುಹೋಗುತ್ತದೆ.

ದಕ್ಷಿಣದಲ್ಲಿರುವವರು ಸ್ಯಾನ್ ಹ್ವಾನ್ ಕಪಿಸ್ತ್ರಾನೊ ನೋಡಬಹುದು. 1806ರಲ್ಲಿ ಮುಗಿದ ಅಲ್ಲಿನ ದೊಡ್ಡ ಕಲ್ಲಿನ ಚರ್ಚು 1812ರ ಡಿಸೆಂಬರ್ 8ರ ಬೆಳಗಿನ ಭೂಕಂಪದಲ್ಲಿ, ಜನ ಪ್ರಾರ್ಥನೆಗೆ ಸೇರಿದ್ದಾಗಲೇ ಕುಸಿಯಿತು. ಅಲ್ಲಿನ ಮೂಲನಿವಾಸಿಗಳಾದ ಆಹಾಚೆಮೆನ್ ಜನ ಸುಮಾರು ನಲವತ್ತು ಮಂದಿ ಸತ್ತರು. ಗಂಟೆ ಬಾರಿಸುತ್ತಿದ್ದ ಹುಡುಗರೂ ಉಳಿಯಲಿಲ್ಲ. ಆ ಗೋಡೆಗಳನ್ನು ಮತ್ತೆ ಕಟ್ಟದೆ ಹಾಗೆಯೇ ಬಿಟ್ಟಿದ್ದಾರೆ. ಅದು ಒಳ್ಳೆಯದೇ ಆಯಿತು.

ಮೂರನೆಯದಾಗಿ ಲೊಂಪೋಕ್ ಬಳಿಯ ಲಾ ಪುರಿಸಿಮಾ. ಇದು ರಾಜ್ಯ ಸರ್ಕಾರದ ಉದ್ಯಾನ, 1930ರ ದಶಕದಲ್ಲಿ ಪಾಳುಬಿದ್ದಲ್ಲಿಂದ ಮತ್ತೆ ಕಟ್ಟಿದ್ದು. ಚರ್ಚಷ್ಟೇ ಅಲ್ಲದೆ ಕಾರ್ಯಾಗಾರ, ಸೈನಿಕರ ವಸತಿ, ನೀರಿನ ಕಾಲುವೆ, ದನಕರು ಎಲ್ಲ ಇರುವುದರಿಂದ ಮಿಷನ್ ಹೇಗೆ ನಡೆಯುತ್ತಿತ್ತೆಂದು ಮಕ್ಕಳಿಗೂ ಅರ್ಥವಾಗುತ್ತದೆ.

ಗೋಡೆಯ ಚಿತ್ರಗಳಿಗಾಗಿಯೇ ಹೋಗುವುದಾದರೆ ಸ್ಯಾನ್ ಮಿಗೆಲ್. ಅಲ್ಲಿನ ಮೂಲನಿವಾಸಿಗಳಾದ ಸಲಿನನ್ ಜನರ ಕೈ ಸೇರಿ 1821ರ ಹೊತ್ತಿಗೆ ಬಿಡಿಸಿದ ಬಣ್ಣದ ಮೇಲೆ ಆಮೇಲೆ ಯಾರೂ ಬಣ್ಣ ಬಳಿದಿಲ್ಲ.

ಫ್ರೀಮಾಂಟಿನ ಮಿಷನ್ ಸ್ಯಾನ್ ಹೋಸೆಯಲ್ಲಿ ನೋಡುವಂಥದ್ದು ಏನಿದೆ?

ನಮ್ಮವರು ಶನಿವಾರ ಬೆಳಿಗ್ಗೆ ಮಿಷನ್ ಪೀಕ್ ಹತ್ತುತ್ತಾರೆ. ಆ ಬೆಟ್ಟಕ್ಕೆ ಹೆಸರು ಕೊಟ್ಟ ಮಿಷನ್ ಬುಡದಲ್ಲೇ ಇದೆ, ಹೆಚ್ಚಿನವರು ಕಾರಿನಿಂದ ಇಳಿದಿರುವುದಿಲ್ಲ. 1797ರ ಜೂನ್ 11ರಂದು ಸ್ಥಾಪನೆ. ಈಗ ಕಾಣುವ ಬಿಳಿ ಚರ್ಚು ಹಳೆಯದಲ್ಲ. 1809ರ ಚರ್ಚು 1868ರ ಹೇವರ್ಡ್ ಭೂಕಂಪದಲ್ಲಿ ಬಿತ್ತು, ಅದರ ಜಾಗದಲ್ಲಿ ಮರದ ಚರ್ಚೊಂದು ಬಂತು, ಅದನ್ನೂ ತೆಗೆದು 1982ರಿಂದ 1985ರವರೆಗೆ ಹಳೆಯದರ ಮಾದರಿಯಲ್ಲೇ ಮತ್ತೆ ಕಟ್ಟಿದರು. ಪಕ್ಕದ ಉದ್ದನೆಯ ಮಣ್ಣಿಟ್ಟಿಗೆಯ ಸಾಲುಮನೆ ಮಾತ್ರ ಆ ಕಾಲದ್ದೇ. ಪಾದ್ರಿಗಳು ವಾಸವಿದ್ದ ಆ ಮನೆ ಈಗ ವಸ್ತುಸಂಗ್ರಹಾಲಯ. ಒಳಗೆ ಗೋಡೆಯ ದಪ್ಪ ನೋಡಿ. ಹೊರಗೆ ಎಂಥ ಬಿಸಿಲಿದ್ದರೂ ಒಳಗೆ ತಂಪು, ನಮ್ಮ ಹಳೆಯ ಮಣ್ಣಿನ ಮನೆಗಳ ಹಾಗೆ.

ಅಲ್ಲಿಂದ ವಾಷಿಂಗ್ಟನ್ ಬುಲೆವಾರ್ಡಿನಲ್ಲಿ ಒಂದು ಮೈಲಿಯಷ್ಟು ಹೋದರೆ ಈ ನೆಲದ ಮೂಲನಿವಾಸಿಗಳಾದ ಒಲೋನಿ ಜನರ ಸ್ಮಶಾನ. ಅಲ್ಲಿನ ಫಲಕ ಹೇಳುವಂತೆ, ಮಿಷನ್ ಕಟ್ಟಲು ಪಾದ್ರಿಗಳಿಗೆ ನೆರವಾದ ನಾಲ್ಕು ಸಾವಿರ ಒಲೋನಿ ಜನ ಅಲ್ಲಿ ಮಲಗಿದ್ದಾರೆ. "ನೆರವಾದ" ಎಂಬ ಆ ಪದದ ಮುಂದೆ ನಾನು ಹಲವು ಸಲ ನಿಂತಿದ್ದೇನೆ. ನೆರವು ಅನ್ನುವುದು ಬೇಡ ಎನ್ನಲು ಬರುವವರು ಮಾಡುವ ಕೆಲಸ. ಆ ನೆಲದಲ್ಲಿ ಒಬ್ಬೊಬ್ಬರಿಗೊಂದು ಕಲ್ಲಿಲ್ಲ, ಹೆಸರಿಲ್ಲ. ಸುತ್ತ ಮನೆಗಳು, ಎದುರು ಕಾರುಗಳ ಓಡಾಟ.

ಇನ್ನೊಂದು ಸಂಗತಿ. ದಿನಾ ನಾವು ಓಡಾಡುವ ಪಸೆಯೊ ಪಾದ್ರೆ ಪಾರ್ಕ್‌ವೇ ಹೆಸರಿನಲ್ಲಿರುವ "ಪಾದ್ರೆ" ಮತ್ತು ನಮ್ಮ ಕನ್ನಡದ "ಪಾದ್ರಿ" ಒಂದೇ ಮೂಲದವು, ನಮಗೆ ಅದು ಪೋರ್ಚುಗೀಸರಿಂದ ಬಂತು. "ಪಸೆಯೊ" ಅಂದರೆ ಅಡ್ಡಾಟ. ಮಿಷನ್ ಕಾಲದಲ್ಲಿ ಆ ಪದಕ್ಕೆ ಇನ್ನೊಂದು ಬಳಕೆಯೂ ಇತ್ತು: ದೀಕ್ಷೆ ಪಡೆದವರು ತಮ್ಮ ಹುಟ್ಟೂರಿಗೆ ಹೋಗಿಬರಲು ಪಾದ್ರಿ ಕೊಡುತ್ತಿದ್ದ ರಜೆಯ ಹೆಸರೂ ಪಸೆಯೊ.

ಫಲಕಗಳಲ್ಲಿ "ಇಂಡಿಯನ್" ಎಂದು ಬರೆದಿದೆಯಲ್ಲ? ಮಕ್ಕಳು ಗೊಂದಲಪಡುತ್ತಾರೆ.

ಕೊಲಂಬಸ್ ಕಾಲದ ತಪ್ಪು ಹೆಸರು ಹಾಗೆಯೇ ಉಳಿದುಬಿಟ್ಟಿದೆ. ಮಕ್ಕಳಿಗೆ "ಅದು ನಾವಲ್ಲ" ಎಂದಷ್ಟೇ ಹೇಳಿ ಬಿಡಬೇಡಿ, ಯಾರೆಂದು ಹೆಸರು ಹಿಡಿದು ಹೇಳಿ. ಬೇ ಏರಿಯಾದಲ್ಲಿ ಒಲೋನಿ, ಸ್ಯಾನ್ ಡಿಯೇಗೊದಲ್ಲಿ ಕುಮೆಯಾಯ್, ಲಾಸ್ ಏಂಜಲಿಸ್ ಸುತ್ತ ಟೋಂಗ್ವಾ, ಸಾಂಟಾ ಬಾರ್ಬರಾದಲ್ಲಿ ಚೂಮಾಶ್. ಒಂದೊಂದು ಮಿಷನ್‌ನಲ್ಲೂ ಹಲವು ಭಾಷೆಯ ಜನರನ್ನು ಒಟ್ಟಿಗೆ ಇರಿಸುತ್ತಿದ್ದರು. ಯಾವ ಮಿಷನ್‌ಗೆ ಹೊರಟಿದ್ದೀರೋ ಆ ನೆಲದ ಜನರ ಹೆಸರು ಮೊದಲೇ ತಿಳಿದುಕೊಂಡು ಹೋಗುವುದು ಒಳ್ಳೆಯದು.

ಒಳಗಿನ ದಿನಚರಿ ಹೇಗಿತ್ತು?

ಗಂಟೆಯ ಮೇಲೆ ನಡೆಯುತ್ತಿತ್ತು. ಏಳಲು ಗಂಟೆ, ಪ್ರಾರ್ಥನೆಗೆ ಗಂಟೆ, ಊಟಕ್ಕೆ, ಕೆಲಸಕ್ಕೆ, ಮಲಗಲು ಗಂಟೆ. ಓಕ್ ಕಾಯಿ ಬೀಸಿ ಅಂಬಲಿ ಮಾಡುತ್ತ, ಮೀನು ಹಿಡಿಯುತ್ತ, ಋತು ನೋಡಿ ಊರು ಬದಲಿಸುತ್ತ ಬಾಳಿದ ಜನರಿಗೆ ಇದು ಎಂಥ ಬದುಕಾಗಿತ್ತೆಂದು ಯೋಚಿಸಿ. ಊಟಕ್ಕೆ ಬಾರ್ಲಿ ಅಥವಾ ಜೋಳದ ಗಂಜಿ, ಮಧ್ಯಾಹ್ನ ಕಾಳು, ಮಾಂಸ ಸೇರಿಸಿದ ಗಟ್ಟಿ ಗಂಜಿ.

ಏಳೆಂಟು ವರ್ಷ ದಾಟಿದ ಹೆಣ್ಣುಮಕ್ಕಳನ್ನು, ಮದುವೆಯಾಗದ ಹೆಂಗಸರನ್ನು ಮೊನ್ಹೆರಿಯೊ ಎಂಬ ಬೇರೆ ಕೋಣೆಯಲ್ಲಿ ಇರಿಸಿ ರಾತ್ರಿ ಹೊರಗಿನಿಂದ ಬೀಗ ಹಾಕುತ್ತಿದ್ದರು. ಸೈನಿಕರಿಂದ ಕಾಪಾಡಲು ಎಂಬುದು ಪಾದ್ರಿಗಳ ವಾದ. ಸೈನಿಕರ ಅತ್ಯಾಚಾರ ನಿಜವೇ, ಸೆರ್ರಾ ಸ್ವತಃ ಅದರ ವಿರುದ್ಧ ದೂರಿದ್ದ. ಆದರೆ ಬೀಗ ಬಿದ್ದದ್ದು ಹುಡುಗಿಯರ ಮೇಲೆ. ಗಾಳಿಯಾಡದ ಆ ಇಕ್ಕಟ್ಟಿನಲ್ಲಿ ರೋಗ ಒಬ್ಬರಿಂದೊಬ್ಬರಿಗೆ ಬೇಗ ಹಬ್ಬುತ್ತಿತ್ತು.

ಹೇಳದೆ ಹೊರಟರೆ, ಕೆಲಸ ತಪ್ಪಿಸಿದರೆ ಚಾಟಿಯೇಟು, ಕಾಲಿಗೆ ಕೋಳ. 1786ರಲ್ಲಿ ಮಾಂಟೆರೆಗೆ ಬಂದಿದ್ದ ಫ್ರೆಂಚ್ ನಾವಿಕ ಲಾ ಪೆರೂಸ್ ಇದನ್ನೆಲ್ಲ ನೋಡಿ, ಕೆರಿಬಿಯನ್‌ನ ಸಾಂಟೊ ಡೊಮಿಂಗೊದ ಗುಲಾಮರ ತೋಟಗಳು ನೆನಪಾದವೆಂದು ಬರೆದಿಟ್ಟಿದ್ದಾನೆ. ಆತ ಪಾದ್ರಿಗಳ ಆತಿಥ್ಯ ಪಡೆದವನು, ಅವರನ್ನು ವೈಯಕ್ತಿಕವಾಗಿ ಗೌರವಿಸಿದವನು. ಹಾಗಾಗಿ ಅವನ ಮಾತಿಗೆ ತೂಕ ಹೆಚ್ಚು.

ಆದರೆ ಜನ ತಾವಾಗಿಯೇ ಬಂದು ಸೇರಿದರಲ್ಲವೇ?

ಮೊದಮೊದಲು ಹಲವರು ಬಂದರು ನಿಜ. ಕುತೂಹಲ, ಮಣಿ ಮತ್ತು ಬಟ್ಟೆಯ ಉಡುಗೊರೆ, ಹೊಸ ದೈವದ ಶಕ್ತಿಯ ಬಗ್ಗೆ ಬೆರಗು, ಆಗಲೇ ಒಳಗಿದ್ದ ನೆಂಟರು. ಆಮೇಲೆ ಬಂದವರ ಕತೆ ಬೇರೆ. ಮಿಷನ್‌ಗಳ ದನ, ಕುದುರೆ, ಕುರಿಗಳು ಸಾವಿರ ಸಾವಿರವಾಗಿ ಹುಲ್ಲುಗಾವಲಿಗೆ ನುಗ್ಗಿ, ಜನ ಬೀಜ ಆಯ್ದು ತಿನ್ನುತ್ತಿದ್ದ ಗಿಡಗಳನ್ನೇ ಮೇಯ್ದವು. ಹೊಸ ಚಿಗುರಿಗಾಗಿ ಹುಲ್ಲಿಗೆ ಬೆಂಕಿ ಕೊಡುವ ಅವರ ಹಳೆಯ ಪದ್ಧತಿಯನ್ನು 1793ರಲ್ಲಿ ಸರ್ಕಾರ ನಿಷೇಧಿಸಿತು. ಕುಮ್ರಿ ಬೇಸಾಯ ನಿಲ್ಲಿಸಿದಾಗ ನಮ್ಮ ಘಟ್ಟದ ಜನರಿಗೆ ಏನಾಯಿತೆಂದು ತಿಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಊರಿನಲ್ಲಿ ತಿನ್ನಲು ಇಲ್ಲ, ರೋಗದಿಂದ ಅರ್ಧ ಊರು ಖಾಲಿ. ಆಗ ಮಿಷನ್‌ನ ಬಾಗಿಲಿಗೆ ಬಂದವನನ್ನು "ತಾನಾಗಿಯೇ ಬಂದ" ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಹೋಗುವುದಂತೂ ತಮ್ಮಿಚ್ಛೆಯದಾಗಿರಲಿಲ್ಲ. ಒಮ್ಮೆ ದೀಕ್ಷಾಸ್ನಾನವಾದರೆ ಮುಗಿಯಿತು. ಓಡಿಹೋದವರನ್ನು ಸೈನಿಕರು ಹುಡುಕಿ ಹಿಡಿದು ತರುತ್ತಿದ್ದರು.

ಯಾರೂ ಎದುರು ನಿಲ್ಲಲಿಲ್ಲವೇ?

ಮೊದಲಿನಿಂದಲೂ ನಿಂತರು. 1775ರ ನವೆಂಬರಿನಲ್ಲಿ ಕುಮೆಯಾಯ್ ಜನ ಸ್ಯಾನ್ ಡಿಯೇಗೊ ಮಿಷನ್‌ಗೆ ಬೆಂಕಿ ಹಚ್ಚಿ ಲೂಯಿಸ್ ಹಾಯ್ಮೆ ಎಂಬ ಪಾದ್ರಿಯನ್ನು ಕೊಂದರು. 1785ರಲ್ಲಿ ಸ್ಯಾನ್ ಗೇಬ್ರಿಯಲ್‌ನಲ್ಲಿ ದಂಗೆಯ ಸಂಚು ನಡೆಯಿತು. ಅದರ ಮುಂದಾಳುಗಳಲ್ಲಿ ಒಬ್ಬಳು ತೊಯ್ಪುರಿನಾ, ಇಪ್ಪತ್ತೈದರ ಆಸುಪಾಸಿನ ಟೋಂಗ್ವಾ ಹೆಂಗಸು, ತನ್ನ ಜನರಲ್ಲಿ ಮಂತ್ರವೈದ್ಯೆಯೆಂದು ಗೌರವ ಪಡೆದವಳು. ಸುದ್ದಿ ಸೋರಿ ಸಿಕ್ಕಿಬಿದ್ದಳು. ಅವಳನ್ನು ಉತ್ತರಕ್ಕೆ ಗಡೀಪಾರು ಮಾಡಿದರು. 1799ರಲ್ಲಿ ಸತ್ತದ್ದು ಸ್ಯಾನ್ ಹ್ವಾನ್ ಬೌತಿಸ್ತಾದಲ್ಲಿ, ಹುಟ್ಟಿದ ಊರಿನಿಂದ ಮುನ್ನೂರು ಮೈಲಿಯಾಚೆ.

1824ರ ಫೆಬ್ರವರಿಯಲ್ಲಿ ಸಾಂಟಾ ಇನೆಸ್‌ನಲ್ಲಿ ಒಬ್ಬ ಚೂಮಾಶ್ ಹುಡುಗನಿಗೆ ಸೈನಿಕರು ಹೊಡೆದದ್ದು ಕಿಡಿಯಾಯಿತು. ಮೂರು ಮಿಷನ್‌ಗಳಿಗೆ ಹಬ್ಬಿತು. ಲಾ ಪುರಿಸಿಮಾವನ್ನು ಚೂಮಾಶ್ ಜನ ಸುಮಾರು ಒಂದು ತಿಂಗಳು ತಮ್ಮ ವಶದಲ್ಲಿ ಇಟ್ಟುಕೊಂಡಿದ್ದರು. ಸೈನ್ಯ ತೋಪು ತಂದ ಮೇಲೆ ಸೋತರು.

ನಮ್ಮ ಪಕ್ಕದ ಕತೆ ಎಸ್ತಾನಿಸ್ಲಾವೊನದು. ಯೋಕಟ್ಸ್ ಜನದವನು, ಮಿಷನ್ ಸ್ಯಾನ್ ಹೋಸೆಯಲ್ಲಿ ಮೇಲ್ವಿಚಾರಕನಾಗಿದ್ದವನು. 1820ರ ದಶಕದ ಕೊನೆಯಲ್ಲಿ ಹೊರಟುಹೋಗಿ, ನೂರಾರು ಜನರನ್ನು ಕೂಡಿಸಿಕೊಂಡು, ನದಿಯಂಚಿನ ಪೊದೆಗಾಡಿನಲ್ಲಿ ಸೈನ್ಯವನ್ನು ಮತ್ತೆ ಮತ್ತೆ ಹಿಮ್ಮೆಟ್ಟಿಸಿದ. ಕೊನೆಗೆ ಮಿಷನ್‌ಗೇ ಮರಳಿ ಕ್ಷಮೆ ಪಡೆದು ಅಲ್ಲೇ ತೀರಿಕೊಂಡ. ಆ ನದಿಯೇ ಸ್ಟಾನಿಸ್ಲಾಸ್. ಯೊಸೆಮಿಟಿಗೆ ಹೋಗುವಾಗ ಮಡೆಸ್ಟೊ ಹತ್ತಿರ ಸ್ಟಾನಿಸ್ಲಾಸ್ ಕೌಂಟಿಯ ಹಲಗೆ ಕಂಡರೆ ನೆನಪಿಸಿಕೊಳ್ಳಿ, ಅದು ನಮ್ಮ ಊರಿನ ಮಿಷನ್‌ನಿಂದ ಎದ್ದುಹೋದವನ ಹೆಸರು.

ಎಷ್ಟು ಜನ ಸತ್ತರು?

ಪಾದ್ರಿಗಳು ದೀಕ್ಷೆ, ಮದುವೆ, ಸಾವು ಎಲ್ಲವನ್ನೂ ದಾಖಲೆ ಪುಸ್ತಕಗಳಲ್ಲಿ ಅಚ್ಚುಕಟ್ಟಾಗಿ ಬರೆದಿಟ್ಟರು. 1769ರಿಂದ 1850ರವರೆಗಿನ ಆ ಪುಸ್ತಕಗಳನ್ನು ಹಂಟಿಂಗ್ಟನ್ ಗ್ರಂಥಾಲಯ ಗಣಕಕ್ಕೆ ಏರಿಸಿದೆ. ಒಟ್ಟು ಸುಮಾರು 1,01,000 ದೀಕ್ಷಾಸ್ನಾನ, 28,000 ಮದುವೆ, 71,000 ಶವಸಂಸ್ಕಾರ. ಇದರಲ್ಲಿ ಸೈನಿಕರ, ವಲಸಿಗರ ಕುಟುಂಬಗಳೂ ಸೇರಿವೆ, ಬಹುಪಾಲು ಮೂಲನಿವಾಸಿಗಳೇ. 1806ರ ದಡಾರವೊಂದೇ ಬೇ ಏರಿಯಾದ ಮಿಷನ್ ಜನರಲ್ಲಿ ಅಂದಾಜು ಕಾಲು ಭಾಗವನ್ನು ತಿಂದಿತು. ಹುಟ್ಟಿದ ಮಕ್ಕಳಲ್ಲಿ ಬಹಳ ಮಂದಿ ಬದುಕುತ್ತಿರಲಿಲ್ಲ. ಜನಸಂಖ್ಯೆ ಕಡಿಮೆಯಾದಂತೆ ಇನ್ನೂ ದೂರದ ಹಳ್ಳಿಗಳಿಂದ ಹೊಸಬರನ್ನು ತರಬೇಕಾಗುತ್ತಿತ್ತು. ಸ್ಯಾನ್ ಫ್ರಾನ್ಸಿಸ್ಕೊದ ಮಿಷನ್ ಡೊಲೊರೆಸ್‌ನಲ್ಲಿ ಹೂಳಿರುವವರು ಐದು ಸಾವಿರದಷ್ಟು. ಅವರ ಸ್ಮಶಾನದ ಮೇಲೆ ಈಗ ರಸ್ತೆ, ಕಟ್ಟಡಗಳಿವೆ.

ಸೊನೋಮಾದಲ್ಲಿ ಒಂದು ಒಳ್ಳೆಯ ಕೆಲಸ ಆಗಿದೆ. ಅಲ್ಲಿ ಹೂಳಿದ ಎಂಟುನೂರಕ್ಕೂ ಹೆಚ್ಚು ಮೂಲನಿವಾಸಿಗಳ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿಸಿ ಗೋಡೆಯ ಪಕ್ಕ ನಿಲ್ಲಿಸಿದ್ದಾರೆ. ಪಾದ್ರಿ ಇಟ್ಟ ಸ್ಪ್ಯಾನಿಷ್ ಹೆಸರುಗಳೇ. ಆದರೂ ಓದುವಾಗ ಒಬ್ಬೊಬ್ಬರೂ ಬೇರೆ ಬೇರೆ ಮನುಷ್ಯರೆಂದು ಅನಿಸುತ್ತದೆ. ನಿಧಾನವಾಗಿ ಓದಿ.

ಸೆರ್ರಾ ಸಂತನೋ, ಅಪರಾಧಿಯೋ?

1713ರಲ್ಲಿ ಮಯೋರ್ಕಾ ದ್ವೀಪದಲ್ಲಿ ಹುಟ್ಟಿದ, ಪಾಠ ಹೇಳುವ ಪ್ರಾಧ್ಯಾಪಕನ ಕೆಲಸ ಬಿಟ್ಟು ಬಂದ, ಕಾಲಿನ ಹುಣ್ಣಿನ ನೋವಿನಲ್ಲೇ ನೂರಾರು ಮೈಲಿ ನಡೆದ. ತನ್ನ ಪಾದ್ರಿಯನ್ನು ಕೊಂದ ಕುಮೆಯಾಯ್ ಬಂದಿಗಳಿಗೆ ಮರಣದಂಡನೆ ಬೇಡವೆಂದು ಕೇಳಿಕೊಂಡ. ಅದೇ ಸೆರ್ರಾ, ತಂದೆ ಮಕ್ಕಳಿಗೆ ಹೊಡೆಯುವಂತೆ ಪಾದ್ರಿಗಳು ಈ ಜನರನ್ನು ಏಟಿನಿಂದ ತಿದ್ದುವುದು ಸರಿಯೆಂದು 1780ರಲ್ಲಿ ಗವರ್ನರನಿಗೆ ಬರೆದ. ಎರಡೂ ನಿಜ. 2015ರ ಸೆಪ್ಟೆಂಬರಿನಲ್ಲಿ ಪೋಪ್ ಫ್ರಾನ್ಸಿಸ್ ವಾಷಿಂಗ್ಟನ್ನಿನಲ್ಲಿ ಅವನನ್ನು ಸಂತನೆಂದು ಘೋಷಿಸಿದರು. ಐದು ವರ್ಷ ಕಳೆದು, 2020ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ, ಲಾಸ್ ಏಂಜಲಿಸ್, ಸ್ಯಾಕ್ರಮೆಂಟೊಗಳಲ್ಲಿ ಅವನ ಪ್ರತಿಮೆಗಳನ್ನು ಜನ ಕೆಡವಿದರು.

ನನ್ನ ಅಭಿಪ್ರಾಯ ಕೇಳಿದರೆ: ಅವನ ಶ್ರದ್ಧೆಯನ್ನು ನಾನು ಅನುಮಾನಿಸುವುದಿಲ್ಲ. ದೊಡ್ಡವರನ್ನೂ ಮಕ್ಕಳೆಂದೇ ಭಾವಿಸಿ, ಅವರ ಒಳಿತು ತನಗೇ ಗೊತ್ತೆಂದು ನಂಬಿದ ಶ್ರದ್ಧೆ ಅದು. ಸತ್ತವರ ಮೊಮ್ಮಕ್ಕಳಿಗೆ ಅವನ ಪ್ರತಿಮೆ ನೋಡಿ ನೋವಾಗುತ್ತದೆಂದರೆ ಅದನ್ನು ತೆಗೆಯುವುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಕಾರ್ಮೆಲ್ ಚರ್ಚಿನಲ್ಲಿ, ಬಲಿಪೀಠದ ಬಳಿ ಅವನ ಸಮಾಧಿಯಿದೆ. ಅಲ್ಲಿಗೆ ಹೋಗಿ ಪ್ರಾರ್ಥಿಸುವ ಮೂಲನಿವಾಸಿ ಕ್ರೈಸ್ತರೂ ಇದ್ದಾರೆ. ಅವರ ಭಕ್ತಿಯನ್ನೂ ಅಷ್ಟೇ ಗೌರವದಿಂದ ನೋಡಬೇಕು.

ಮಿಷನ್‌ಗಳು ಮುಚ್ಚಿದ ಮೇಲೆ ಜನರಿಗೆ ಭೂಮಿ ಮರಳಿ ಸಿಕ್ಕಿತೇ?

ಕಾಗದದ ಮೇಲೆ ಸಿಕ್ಕಿತು. 1821ರಲ್ಲಿ ಮೆಕ್ಸಿಕೊ ಸ್ವತಂತ್ರವಾಗಿ ಕ್ಯಾಲಿಫೋರ್ನಿಯಾ ಅದರ ಕೈಗೆ ಬಂತು, 1833ರ ಕಾನೂನಿನಂತೆ ಮಿಷನ್‌ಗಳನ್ನು ಪಾದ್ರಿಗಳ ಕೈಯಿಂದ ಬಿಡಿಸಿದರು. ಆಸ್ತಿಯ ಅರ್ಧ ಮಿಷನ್ ಜನರಿಗೆ ಹಂಚಬೇಕಿತ್ತು. ನಿಜವಾಗಿ ಹೋದದ್ದು ಪ್ರಭಾವಿ ಮನೆತನಗಳ ದೊಡ್ಡ ದೊಡ್ಡ ರಾಂಚೊಗಳಿಗೆ, ಅಂದರೆ ದನ ಸಾಕುವ ಜಮೀನುಗಳಿಗೆ. ಅದೇ ಜನ ಅದೇ ಹೊಲದಲ್ಲಿ ಈಗ ಹೊಸ ಒಡೆಯನ ಆಳುಗಳಾದರು.

ಅಮೆರಿಕನ್ನರು ಬಂದದ್ದು ಇದಕ್ಕಿಂತ ಕ್ರೂರ ಕಾಲ. ಸ್ಪೇನಿನವರು ಬರುವಾಗ ಮೂರು ಲಕ್ಷದ ಆಸುಪಾಸಿನಲ್ಲಿದ್ದ ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳು 1840ರ ದಶಕದ ನಡುವಿಗೆ ಅಂದಾಜು ಒಂದೂವರೆ ಲಕ್ಷಕ್ಕೆ ಇಳಿದಿದ್ದರು. ಚಿನ್ನದ ಬೇಟೆ ಶುರುವಾಗಿ 1870ರ ಹೊತ್ತಿಗೆ ಮೂವತ್ತು ಸಾವಿರದಷ್ಟಾದರು. 1850ರ ಕಾನೂನು ಅವರನ್ನು ಹಿಡಿದು ಕೂಲಿಗೆ ಹಚ್ಚಲು ದಾರಿ ಮಾಡಿತು. ಅವರು ಪೂರ್ತಿ ಇಲ್ಲವಾಗುವವರೆಗೆ ಯುದ್ಧ ನಡೆಯುತ್ತದೆಂದು ರಾಜ್ಯದ ಮೊದಲ ಗವರ್ನರ್ ಪೀಟರ್ ಬರ್ನೆಟ್ 1851ರಲ್ಲಿ ಶಾಸನಸಭೆಗೇ ಹೇಳಿದ. ಕೊಲ್ಲುವ ತಂಡಗಳಿಗೆ ಸರ್ಕಾರ ಹಣ ಕೊಟ್ಟಿತು. 2019ರ ಜೂನಿನಲ್ಲಿ ಗವರ್ನರ್ ಗ್ಯಾವಿನ್ ನ್ಯೂಸಮ್ ರಾಜ್ಯದ ಪರವಾಗಿ ಕ್ಷಮೆ ಕೇಳುತ್ತ ಅದನ್ನು ನರಮೇಧವೆಂದೇ ಕರೆದರು. ಮಿಷನ್ ನೋಡಿ ಬಂದವರು ತಪ್ಪನ್ನೆಲ್ಲ ಸ್ಪೇನಿನ ತಲೆಗೆ ಕಟ್ಟಿ ಸುಮ್ಮನಾಗುವುದುಂಟು. ಅದಕ್ಕೇ ಇಷ್ಟು ಹೇಳಿದೆ.

ರಸ್ತೆ ಬದಿಯ ಕೊಕ್ಕೆ ಕಂಬಕ್ಕೆ ನೇತುಬಿದ್ದ ಗಂಟೆಗಳು ಮಿಷನ್ ಕಾಲದವೇ?

ಅಲ್ಲ. ಮೊದಲನೆಯದನ್ನು ನೆಟ್ಟದ್ದು 1906ರಲ್ಲಿ. ಪಾಳುಬಿದ್ದ ಮಿಷನ್‌ಗಳನ್ನು ಪ್ರವಾಸಿಗರು ಪ್ರೀತಿಸತೊಡಗಿದ ಕಾಲದ ಕೂಸು ಅದು. ಕೆಂಪು ಹೆಂಚು, ಬಿಳಿ ಗೋಡೆ, ಕಮಾನು ಇರುವ ನಮ್ಮ ಅಪಾರ್ಟ್‌ಮೆಂಟ್‌ಗಳೂ ಅದೇ ಹುಚ್ಚಿನ ಮುಂದುವರಿಕೆ. ಗಂಟೆಯ ಮೇಲೆ ನಡೆದ ಬದುಕಿನ ನೆನಪಿರುವವರಿಗೆ ಆ ಕಂಬಗಳು ಅಲಂಕಾರವಾಗಿ ಕಾಣುವುದಿಲ್ಲ. ಸ್ಯಾನ್ ಹ್ವಾನ್ ಬೌತಿಸ್ತಾ ಕಡೆಯ ಮೂಲನಿವಾಸಿಗಳಾದ ಅಮಾ ಮುತ್ಸುನ್ ಪಂಗಡದವರ ಕೋರಿಕೆಯಂತೆ ಸಾಂಟಾ ಕ್ರೂಸ್ ವಿಶ್ವವಿದ್ಯಾಲಯ 2019ರಲ್ಲಿ ತನ್ನ ಆವರಣದ ಗಂಟೆಯನ್ನು ಇಳಿಸಿತು.

ಹಿಂದೂಗಳು ಒಳಗೆ ಹೋಗಬಹುದೇ? ಚಪ್ಪಲಿ ಬಿಡಬೇಕೇ?

ಯಾರೂ ಹೋಗಬಹುದು, ಚಪ್ಪಲಿ ಬಿಡಬೇಕಾಗಿಲ್ಲ. ಟೋಪಿ ತೆಗೆಯಿರಿ, ಫೋನಿನ ಸದ್ದು ನಿಲ್ಲಿಸಿ. ಹೆಚ್ಚಿನವು ಇಂದಿಗೂ ಪೂಜೆ ನಡೆಯುವ ಚರ್ಚುಗಳು. ಬಲಿಪೂಜೆ, ಮದುವೆ, ಶವಸಂಸ್ಕಾರ ನಡೆಯುತ್ತಿದ್ದರೆ ಹೊರಗೆ ಕಾಯಿರಿ. ಸ್ಮಶಾನದಲ್ಲಿ ಕಾಲುದಾರಿ ಬಿಟ್ಟು ನಡೆಯಬೇಡಿ. ಕಲ್ಲಿಲ್ಲದ ಹುಲ್ಲಿನ ಜಾಗದಲ್ಲೇ ಹೆಚ್ಚು ಜನ ಮಲಗಿರುವುದು. ಅಲ್ಲಿ ಚಾಪೆ ಹಾಸಿ ಚಿತ್ರಾನ್ನದ ಡಬ್ಬಿ ಬಿಚ್ಚಿದವರನ್ನು ಕಂಡಿದ್ದೇನೆ. ಗೊತ್ತಿಲ್ಲದೆ ಮಾಡುತ್ತಾರೆ, ಹೇಳಿದರೆ ತಕ್ಷಣ ಏಳುತ್ತಾರೆ.

ಟಿಕೆಟ್, ಸಮಯ, ಊಟ?

ಕೆಲವು ಕಡೆ ಟಿಕೆಟ್, ಕೆಲವು ಕಡೆ ಕಾಣಿಕೆ ಡಬ್ಬಿ. ವಾರದ ರಜೆ ಒಂದೊಂದು ಕಡೆ ಒಂದೊಂದು ದಿನ, ಹೊರಡುವ ಮೊದಲು ಆ ಮಿಷನ್‌ನ ತಾಣದಲ್ಲಿ ನೋಡಿಕೊಳ್ಳಿ. ಸುತ್ತಮುತ್ತ ಮೆಕ್ಸಿಕನ್ ಹೋಟೆಲುಗಳಿರುತ್ತವೆ. ಸಸ್ಯಾಹಾರಿಗಳು ರುಬ್ಬಿದ ಕಾಳಿನ ಪಲ್ಯಕ್ಕೆ ಹಂದಿಯ ಕೊಬ್ಬು ಹಾಕಿದ್ದಾರೆಯೇ ಎಂದು ಕೇಳಿಯೇ ತಿನ್ನಿ. ಬೇಸಿಗೆಯಲ್ಲಿ ಅಂಗಡಿಗಳಲ್ಲಿ ಮಿಷನ್ ಎಂಬ ಹೆಸರಿನ ಕಪ್ಪು ಅಂಜೂರ ಸಿಗುತ್ತದೆ. ಪಾದ್ರಿಗಳು ತಂದು ನೆಟ್ಟ ತಳಿ, ಬಹಳ ಸಿಹಿ.

ಕ್ಯಾಲಿಫೋರ್ನಿಯಾ ಬಿಟ್ಟು ಬೇರೆಡೆ ಇಲ್ಲವೇ?

ಟೆಕ್ಸಾಸಿನವರು ಸ್ಯಾನ್ ಅಂಟೋನಿಯೊಗೆ ಹೋಗಿ. ಅಲಾಮೊ ಸೇರಿ ಅಲ್ಲಿನ ಐದು ಮಿಷನ್‌ಗಳು 2015ರಿಂದ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ಎಸ್ಪಾಡಾ ಮಿಷನ್‌ಗಾಗಿ ಹದಿನೆಂಟನೇ ಶತಮಾನದಲ್ಲಿ ಕಟ್ಟಿದ ಮೇಲ್ಗಾಲುವೆಯಲ್ಲಿ ಇಂದಿಗೂ ನೀರು ಹರಿಯುತ್ತದೆ. ಅರಿಜೋನಾದ ಟೂಸಾನ್ ಬಳಿ ಟೊಹೊನೊ ಓಒಧಾಮ್ ಜನರ ನೆಲದಲ್ಲೇ ಇರುವ ಸ್ಯಾನ್ ಹವಿಯರ್ ಡೆಲ್ ಬಾಕ್, ಈ ಎಲ್ಲದರಲ್ಲಿ ನನಗೆ ಅತ್ಯಂತ ಚೆಲುವಾಗಿ ಕಂಡದ್ದು.

ಮಗಳಿಗೆ ನಾಲ್ಕನೇ ಕ್ಲಾಸಿನಲ್ಲಿ ಮಿಷನ್ ಪ್ರಾಜೆಕ್ಟ್ ಬಂದಿದೆ. ಏನು ಮಾಡಿಸಲಿ?

ಸಕ್ಕರೆ ಗಟ್ಟಿ, ಥರ್ಮಾಕೋಲಿನಲ್ಲಿ ಮಿಷನ್‌ನ ಮಾದರಿ ಕಟ್ಟಿಸುವುದು ದಶಕಗಳ ರೂಢಿ. 2016ರಲ್ಲಿ ಬಂದ ರಾಜ್ಯದ ಪಠ್ಯ ಚೌಕಟ್ಟು ಅದರಿಂದ ಮಕ್ಕಳಿಗೆ ಅಲ್ಲಿನ ಬದುಕು ತಿಳಿಯುವುದಿಲ್ಲವೆಂದು ಹೇಳಿ, ಬೇಡವೆಂದಿದೆ. ಆದರೂ ಕೆಲವು ಶಾಲೆಗಳಲ್ಲಿ ಉಳಿದಿದೆ. ಟೀಚರನ್ನು ಕೇಳಿ ನೋಡಿ, ಮಾದರಿಯ ಬದಲು ಒಬ್ಬ ವ್ಯಕ್ತಿಯ ಬಗ್ಗೆ ಬರೆಯಲು ಹೆಚ್ಚಿನವರು ಒಪ್ಪುತ್ತಾರೆ. ಸ್ಯಾನ್ ಲೂಯಿಸ್ ರೇ ಮಿಷನ್‌ನಲ್ಲಿ 1822ರಲ್ಲಿ ಹುಟ್ಟಿದ ಪಾಬ್ಲೊ ತಾಕ್ ಎಂಬ ಲುಯಿಸೆನ್ಯೊ ಹುಡುಗ ಓದಲು ರೋಮ್‌ಗೆ ಹೋಗಿ, ತನ್ನ ಜನರ ಬದುಕಿನ ಬಗ್ಗೆ, ತನ್ನ ಭಾಷೆಯ ವ್ಯಾಕರಣದ ಬಗ್ಗೆ ಬರೆದ. ಇಪ್ಪತ್ತು ತುಂಬುವ ಮೊದಲೇ, 1841ರಲ್ಲಿ, ಅಲ್ಲೇ ತೀರಿಕೊಂಡ. ಹತ್ತು ವರ್ಷದ ಮಕ್ಕಳಿಗೆ ಅವನು ಬೇಗ ಹತ್ತಿರವಾಗುತ್ತಾನೆ.

ಗಟ್ಟಿ ಮನಸ್ಸಿನ ಮಕ್ಕಳಾದರೆ ಸಾಂಟಾ ಬಾರ್ಬರಾದ ಹ್ವಾನಾ ಮರಿಯಾಳ ಕತೆ ಹೇಳಿ. ಸ್ಯಾನ್ ನಿಕೊಲಾಸ್ ದ್ವೀಪದಲ್ಲಿ ಹದಿನೆಂಟು ವರ್ಷ ಒಂಟಿಯಾಗಿದ್ದವಳನ್ನು 1853ರಲ್ಲಿ ದಡಕ್ಕೆ ಕರೆತಂದಾಗ ಅವಳ ಮಾತು ಅರ್ಥವಾಗುವವರು ಒಬ್ಬರೂ ಸಿಗಲಿಲ್ಲ. ಏಳು ವಾರಕ್ಕೆ ಸತ್ತಳು. ಮಿಷನ್‌ನ ಸ್ಮಶಾನದಲ್ಲಿ ಅವಳ ನೆನಪಿನ ಫಲಕವಿದೆ.

ಆ ಜನ ಈಗ ಇದ್ದಾರೆಯೇ?

ಇದ್ದಾರೆ. ಈ ಪ್ರಶ್ನೆಯನ್ನು ಕೇಳುವವರು ಬಹಳ ಕಡಿಮೆ, ನಾನು ಪ್ರತಿಯೊಬ್ಬರಿಗೂ ಹೇಳಬಯಸುವ ಉತ್ತರ ಇದೊಂದೇ. ಮಿಷನ್ ಸ್ಯಾನ್ ಹೋಸೆ, ಸಾಂಟಾ ಕ್ಲಾರಾ, ಡೊಲೊರೆಸ್‌ಗಳಿಂದ ಉಳಿದು ಬಂದ ಮುವೆಕ್ಮಾ ಒಲೋನಿ ಜನ ನಮ್ಮದೇ ಊರುಗಳಲ್ಲಿದ್ದಾರೆ. 1927ರಲ್ಲಿ ಕಾಗದಪತ್ರದ ಮಟ್ಟದಲ್ಲೇ ಕೈಬಿಟ್ಟುಹೋದ ಕೇಂದ್ರ ಸರ್ಕಾರದ ಮಾನ್ಯತೆಗಾಗಿ ದಶಕಗಳಿಂದ ಹೋರಾಡುತ್ತಿದ್ದಾರೆ. ಮಾಂಟೆರೆ ಕೌಂಟಿಯ ಎಸ್ಸೆಲೆನ್ ಪಂಗಡ ಇನ್ನೂರೈವತ್ತು ವರ್ಷಗಳ ನಂತರ, 2020ರಲ್ಲಿ, ಬಿಗ್ ಸರ್ ಹತ್ತಿರ 1,199 ಎಕರೆ ತನ್ನ ನೆಲವನ್ನು ಮರಳಿ ಪಡೆಯಿತು.

ಭಾಷೆಯ ಸಂಗತಿ ಕನ್ನಡಿಗರಿಗೆ ಹೇಳಲೇಬೇಕು. ಸ್ಯಾನ್ ಹ್ವಾನ್ ಬೌತಿಸ್ತಾದ ಜನರ ನುಡಿ ಮುತ್ಸುನ್. ಅಲ್ಲಿದ್ದ ಅರೋಯೊ ಡೆ ಲಾ ಕ್ವೆಸ್ತಾ ಎಂಬ ಪಾದ್ರಿ ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಅದರ ವ್ಯಾಕರಣ ಬರೆದು, ಸಾವಿರಾರು ಪದ, ವಾಕ್ಯಗಳನ್ನು ಗುರುತು ಹಾಕಿಕೊಂಡ. ನೂರು ವರ್ಷಗಳಾದ ಮೇಲೆ, ಗಿಲ್ರಾಯ್‌ನಲ್ಲಿ ಬಾಳಿ ಹೆಸರಾದ ನಾಟಿವೈದ್ಯೆ ಅಸೆನ್ಸಿಯೋನ್ ಸೊಲೊರ್ಸಾನೊ, ಸಾವಿನ ಹಾಸಿಗೆಯಲ್ಲಿದ್ದಾಗ, ತನಗೆ ಗೊತ್ತಿದ್ದ ಪದ, ಮದ್ದು, ಹಾಡುಗಳನ್ನೆಲ್ಲ ದಿನಗಟ್ಟಲೆ ಹೇಳಿ ಭಾಷಾತಜ್ಞ ಹ್ಯಾರಿಂಗ್ಟನ್ ಕೈಯಲ್ಲಿ ಬರೆಸಿದರು. 1930ರಲ್ಲಿ ತೀರಿಕೊಂಡರು. ಆ ನುಡಿ ಚೆನ್ನಾಗಿ ಬಲ್ಲ ಕೊನೆಯವರು ಅವರೇ. 1990ರ ದಶಕದಲ್ಲಿ ಅವರ ಪಂಗಡದ ಹೆಣ್ಣುಮಕ್ಕಳು ಆ ಟಿಪ್ಪಣಿಗಳನ್ನು ಹುಡುಕಿ ತೆಗೆದು ಕಲಿಯಲು ಕೂತರು. 2016ರಲ್ಲಿ ಮುತ್ಸುನ್ ನಿಘಂಟು ಹೊರಬಂತು.

ಅಸೆನ್ಸಿಯೋನ್ ಅವರ ಸಮಾಧಿ ಸ್ಯಾನ್ ಹ್ವಾನ್ ಬೌತಿಸ್ತಾ ಚರ್ಚಿನ ಪಕ್ಕದ ಆ ಸ್ಮಶಾನದಲ್ಲೇ ಇದೆ. ಹೆಸರು ಬರೆದಿದ್ದಾರೆ. ಆಲಿವ್ ಮರಗಳ ಸಾಲಿನಲ್ಲಿ ನಡೆದುಹೋಗುವಾಗ ನೋಡಿ, ಸಿಗುತ್ತದೆ.